ವ್ಯಾಕರಣದಲ್ಲಿ ಪಾಸು, ಓದಿನಲ್ಲಿ ಫೇಲು: ಚೀನಾದ ಒಬ್ಬ 8ನೇ ತರಗತಿ ಹುಡುಗನ ಇಂಗ್ಲಿಷ್

ಈ ಹುಡುಗನನ್ನು ಶಿಯಾವ್ ಚೆನ್ ಅಂತ ಕರೆಯೋಣ. ನಿಜವಾದ ಹೆಸರು ಅದಲ್ಲ. ಊರು ಚೀನಾದ ಜಿಯಾಂಗ್ಸು ಪ್ರಾಂತ್ಯದ ಒಂದು ಕೈಗಾರಿಕಾ ನಗರ, ಅದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಗಂಡನ ಕೆಲಸದಿಂದಾಗಿ ನಾವು ಅಲ್ಲಿದ್ದೇವೆ. ಅದಕ್ಕೂ ಮೊದಲು ನಾನು ದಾವಣಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಇಲ್ಲಿ ನನ್ನ ವೀಸಾದಲ್ಲಿ ದುಡಿಯುವ ಹಾಗಿಲ್ಲ. ಹಾಗಾಗಿ ಇದು ಟ್ಯೂಷನ್ ಅಲ್ಲ, ದುಡ್ಡಿನ ಮಾತೂ ಇರಲಿಲ್ಲ. ಎದುರು ಮನೆಯಾಕೆ ನನಗೆ ಚೀನೀ ಮಾತು ಕಲಿಸುತ್ತಿದ್ದರು, ನಾನು ಅವರ ಮಗನ ಇಂಗ್ಲಿಷ್ ನೋಡಿಕೊಳ್ಳುತ್ತಿದ್ದೆ. ತಾಯಿ, ಮಗ ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಅವರ ಗುರುತು ಹಿಡಿಯುವಂಥ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಹಿನ್ನೆಲೆ

ಚೀನಾದಲ್ಲಿ ಮಿಡ್ಲ್ ಸ್ಕೂಲ್ ಅಂದರೆ 7, 8, 9ನೇ ತರಗತಿ. 9ರ ಕೊನೆಗೆ ಜೂನ್ ಹೊತ್ತಿಗೆ ಜೋಂಗ್‌ಕಾವ್ ಅನ್ನುವ ಪರೀಕ್ಷೆ ಬರುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಹಾಗೆ ಅಂದರೆ ಅರ್ಧ ಮಾತ್ರ ಸರಿ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗುವಿಗೆ ಯಾವುದಾದರೂ ಕಾಲೇಜು ಸಿಗುತ್ತದೆ. ಜೋಂಗ್‌ಕಾವ್‌ನಲ್ಲಿ ಅಂಕ ಕಡಿಮೆ ಬಂದರೆ ಸಾಮಾನ್ಯ ಹೈಸ್ಕೂಲಿನ (ಅಲ್ಲಿ ಅದು 9ರ ನಂತರದ ತರಗತಿಗಳು) ಬಾಗಿಲೇ ಮುಚ್ಚಿ, ವೃತ್ತಿ ಶಿಕ್ಷಣದ ಶಾಲೆಗೆ ಹೋಗಬೇಕಾಗುತ್ತದೆ. ತುಂಬಾ ಮಕ್ಕಳು ಆ ದಾರಿಗೇ ಹೋಗುತ್ತಾರೆ. ಚೀನೀ, ಗಣಿತ, ಇಂಗ್ಲಿಷ್ ಈ ಮೂರೇ ದೊಡ್ಡ ವಿಷಯಗಳು. ಇಂಗ್ಲಿಷ್‌ಗೆ ಊರಿಂದ ಊರಿಗೆ 100ರಿಂದ 150 ಅಂಕ. ಅಪ್ಪ ಅಮ್ಮಂದಿರ ಆತಂಕ ಎಲ್ಲಿಂದ ಬರುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

2021ರ ಜುಲೈವರೆಗೆ ಈ ಆತಂಕಕ್ಕೆ ಮದ್ದು ಕೋಚಿಂಗ್ ಸೆಂಟರ್ ಆಗಿತ್ತು. ಆ ತಿಂಗಳು ಸರ್ಕಾರ ಷುವಾಂಗ್‌ಜಿಯನ್ ನೀತಿ ತಂದಿತು. ಮಕ್ಕಳ ಮೇಲಿನ ಹೋಂವರ್ಕ್ ಮತ್ತು ಕೋಚಿಂಗ್ ಎರಡೂ ಹೊರೆ ಇಳಿಸುವುದು ಅದರ ಉದ್ದೇಶ. ಶಾಲಾ ವಿಷಯಗಳ ಟ್ಯೂಷನ್ನಿನಿಂದ ಲಾಭ ಮಾಡುವ ಹಾಗಿಲ್ಲ, ಶನಿವಾರ, ಭಾನುವಾರ, ರಜೆಯಲ್ಲಿ ಪಾಠ ಮಾಡುವ ಹಾಗಿಲ್ಲ. ಸೆಂಟರ್‌ಗಳು ಮುಚ್ಚಿದವು. ಆದರೆ ಪರೀಕ್ಷೆ ಇದ್ದಲ್ಲೇ ಇತ್ತು. ಆ ಹೊರೆ ತಾಯಂದಿರ ತಲೆಗೆ ಬಂತು. ಶಿಯಾವ್ ಚೆನ್‌ನ ತಾಯಿ ಒಂದು ಫ್ಯಾಕ್ಟರಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಇಂಗ್ಲಿಷ್ ಬರುವುದಿಲ್ಲ. ಗೊತ್ತಿದ್ದದ್ದನ್ನೆಲ್ಲ ಮಾಡಿದ್ದರು: ಪದ ಕಲಿಸುವ ಆ್ಯಪ್, ವ್ಯಾಕರಣದ ಎರಡು ದಪ್ಪ ಪುಸ್ತಕ, ಹಳೇ ಪ್ರಶ್ನೆಪತ್ರಿಕೆಗಳ ಕಟ್ಟು. ಮುಂದಿನ ವರ್ಷದ ವ್ಯಾಕರಣವನ್ನೂ ಬೇಸಿಗೆ ರಜೆಯಲ್ಲೇ ಮಾಡಿಸಿ ಮುಗಿಸಿದ್ದರು.

ಹುಡುಗನೂ ಸೋಮಾರಿ ಅಲ್ಲ. ಬೆಳಗ್ಗೆ ಶಾಲೆಯಲ್ಲಿ ಗಟ್ಟಿಯಾಗಿ ಓದುವ ಅವಧಿ, ಸಂಜೆ ಶಾಲೆ ಮುಗಿದ ಮೇಲೆ ಅಲ್ಲೇ ಕೂತು ಹೋಂವರ್ಕ್, ಮನೆಗೆ ಬಂದು ಊಟ ಮಾಡಿ ಮತ್ತೆ ಪುಸ್ತಕ. ಇಂಗ್ಲಿಷ್‌ಗೆ ಒಂದು ತಪ್ಪುಗಳ ನೋಟ್‌ಬುಕ್ ಇಟ್ಟಿದ್ದ. ಚೀನಾದಲ್ಲಿ ತುಂಬಾ ಮಕ್ಕಳು ಇಡುತ್ತಾರೆ. ಪರೀಕ್ಷೆಯಲ್ಲಿ ತಪ್ಪಾದ ಪ್ರಶ್ನೆಯನ್ನು ಬರೆದುಕೊಂಡು, ಕೆಳಗೆ ಕೆಂಪು ಶಾಯಿಯಲ್ಲಿ ಸರಿ ಉತ್ತರ ಮತ್ತು ಕಾರಣ. ಎಷ್ಟು ಅಚ್ಚುಕಟ್ಟು ಅಂದರೆ, ನಮ್ಮ ಶಾಲೆಯ ಮಕ್ಕಳಿಗೆ ತೋರಿಸಬೇಕು ಅನ್ನಿಸಿತ್ತು.

ತೊಂದರೆ ಎಲ್ಲಿತ್ತು

ಅಂಕಪಟ್ಟಿ ನೋಡಿದರೆ ವಿಚಿತ್ರವಾಗಿತ್ತು. ಸರಿ ಉತ್ತರ ಆರಿಸುವ ವ್ಯಾಕರಣದ ಪ್ರಶ್ನೆಗಳಲ್ಲಿ ಒಂದೋ ಎರಡೋ ತಪ್ಪು, ಅಷ್ಟೆ. ಓದಿ ಉತ್ತರಿಸುವ ಭಾಗದಲ್ಲಿ ಸುಮಾರು ಅರ್ಧ ಹೋಗುತ್ತಿತ್ತು. ಇಡೀ ಕಥೆಯಲ್ಲಿ ಬಿಟ್ಟ ಪದ ತುಂಬುವ ಭಾಗದಲ್ಲೂ ಹಾಗೇ. 'ಪದ ಗೊತ್ತಿಲ್ಲ, ಅದಕ್ಕೇ' ಅನ್ನುವುದು ತಾಯಿಯ ತೀರ್ಮಾನ. ಹುಡುಗನದ್ದು 'ಟೈಮ್ ಸಾಲಲ್ಲ'.

ನಾನು ಹೊಸ ಟೆಸ್ಟ್ ಏನೂ ಕೊಡಲಿಲ್ಲ. ಅವನು ಆಗಲೇ ಸರಿ ಉತ್ತರ ಬರೆದಿದ್ದ ವ್ಯಾಕರಣದ ಒಂದು ಹಾಳೆ ತೆಗೆದುಕೊಂಡು, ಆ ವಾಕ್ಯಗಳ ಅರ್ಥ ಕೇಳುತ್ತಾ ಹೋದೆ. ಒಂದು ವಾಕ್ಯ ಹೀಗಿತ್ತು: 'ಬೈ ದ ಟೈಮ್ ಶಿ ಗಾಟ್ ಟು ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್.' (ಅವಳು ಸ್ಟೇಷನ್ ತಲುಪುವಷ್ಟರಲ್ಲಿ ಟ್ರೇನ್ ಹೊರಟುಹೋಗಿತ್ತು.) 'ಹ್ಯಾಡ್ ಲೆಫ್ಟ್' ಅವನೇ ಆರಿಸಿದ್ದು, ಸರಿಯಾಗಿತ್ತು. ಯಾಕೆ ಅಂತ ಕೇಳಿದೆ.

'"ಬೈ ದ ಟೈಮ್" ಬಂದರೆ "ಹ್ಯಾಡ್" ಹಾಕಬೇಕು, ಆಯೀ.' ಆಯೀ ಅಂದರೆ ಅಲ್ಲಿನ ಮಕ್ಕಳ ಬಾಯಲ್ಲಿ ಆಂಟಿ ಇದ್ದ ಹಾಗೆ.

'ಸರಿ. ಅವಳಿಗೆ ಟ್ರೇನ್ ಸಿಕ್ತಾ?'

'ಸಿಕ್ತು. ಸ್ಟೇಷನ್‌ಗೆ ಬಂದಳಲ್ವಾ?'

ಇದನ್ನು ಅವನ ದಡ್ಡತನ ಅಂದುಕೊಂಡರೆ ತಪ್ಪಾಗುತ್ತದೆ. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ನಿನ್ನೆ, ಆಗಲೇ, ನಾಳೆ ಅನ್ನುವ ಪದಗಳು ಮತ್ತು ಕ್ರಿಯೆ ಮುಗಿಯಿತು ಅಂತ ತೋರಿಸುವ 'ಲ' ತರಹದ ಸಣ್ಣ ಪದಗಳು ಆ ಕೆಲಸ ಮಾಡುತ್ತವೆ. ಕನ್ನಡದ ಮಗುವಿಗೆ ಹೋದ, ಹೋಗುತ್ತಾನೆ, ಹೋಗಿದ್ದ ಅನ್ನುವ ಬದಲಾವಣೆ ಎದೆಹಾಲಿನ ಜೊತೆ ಬಂದಿರುತ್ತದೆ. ಚೀನೀ ಮಗು ಇಂಗ್ಲಿಷ್ ಕ್ರಿಯಾಪದದ ರೂಪವನ್ನು ನೋಡಿ ಕಾಲ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕು. ಶಿಯಾವ್ ಚೆನ್ ಕಲಿತಿದ್ದ, ಆದರೆ ಬಿಟ್ಟ ಜಾಗ ತುಂಬುವುದಕ್ಕೆ ಮಾತ್ರ. ಸುಳಿವಿನ ಪದ ಹುಡುಕು, ರೂಪ ಹಾಕು, ಮುಂದೆ ಹೋಗು. ಆ ರೂಪ ಕಥೆಯ ಬಗ್ಗೆ ಏನೋ ಹೇಳುತ್ತಿದೆ ಅನ್ನುವುದು ಅವನ ತಲೆಗೆ ಬಂದೇ ಇರಲಿಲ್ಲ. ಬರುವಂತೆ ಯಾರೂ ಕೇಳಿರಲೂ ಇಲ್ಲ.

ಇನ್ನೊಂದು ಸುಳಿವು ಅವನ ಓದಿನ ಹಾಳೆಯಲ್ಲೇ ಇತ್ತು. ಪ್ರತಿ ಇಂಗ್ಲಿಷ್ ಪದದ ತಲೆ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಚೀನೀ ಪದ. ಗೊತ್ತಿರುವ ಪದಕ್ಕೂ! ವಾಕ್ಯ ಇದು: 'ದ ಓಲ್ಡ್ ಮ್ಯಾನ್ ಹೂ ಸೋಲ್ಡ್ ಪೀಚಸ್ ಬಿಸೈಡ್ ದ ಬ್ರಿಜ್ ಗೇವ್ ದ ಗರ್ಲ್ ಎ ಲೆಟರ್.' (ಸೇತುವೆ ಪಕ್ಕ ಪೀಚ್ ಹಣ್ಣು ಮಾರುತ್ತಿದ್ದ ಮುದುಕ ಹುಡುಗಿಗೆ ಪತ್ರ ಕೊಟ್ಟ.) ಮೇಲೆ ಸಾಲಾಗಿ ಬರೆದಿದ್ದ: ಮುದುಕ, ಯಾರು, ಮಾರು, ಪೀಚ್, ಪಕ್ಕ, ಸೇತುವೆ, ಕೊಡು, ಹುಡುಗಿ, ಪತ್ರ. ಪೀಚ್ ಮಾರಿದ್ದು ಯಾರು ಅಂತ ಪ್ರಶ್ನೆ. ಅವನು ಗುರುತು ಹಾಕಿದ್ದು ಹುಡುಗಿಗೆ.

ಇದನ್ನು ನೋಡಿದಾಗ ನನಗೆ ನಗು ಬಂತು, ಯಾಕೆಂದರೆ ಕನ್ನಡದಲ್ಲೂ ಹೀಗೇ. 'ಸೇತುವೆ ಪಕ್ಕ ಪೀಚ್ ಮಾರುತ್ತಿದ್ದ' ಅಂತ ಮೊದಲು ಹೇಳಿ, ಆಮೇಲೆ ಆ ವ್ಯಕ್ತಿ ಯಾರು ಅಂತ ಹೇಳುತ್ತೇವೆ. ಚೀನೀ ಭಾಷೆಯಲ್ಲೂ ವಿವರ ಮೊದಲು, ವ್ಯಕ್ತಿ ಆಮೇಲೆ. ಇಂಗ್ಲಿಷ್‌ನಲ್ಲಿ ಉಲ್ಟಾ: ಮೊದಲು ಮುದುಕ, ಆಮೇಲೆ ಅವನ ವಿವರ. ಪೆನ್ಸಿಲ್ ಪದಗಳನ್ನು ಸಾಲಾಗಿ ಇಟ್ಟುಕೊಂಡ ಹುಡುಗ ತನ್ನ ಭಾಷೆಯ ರೂಢಿಯಂತೆ ಪೀಚ್, ಸೇತುವೆಗಳನ್ನು ಮುಂದೆ ಬರುವ ವ್ಯಕ್ತಿಗೆ ಅಂಟಿಸಿದ್ದ. ಮುಂದೆ ಬಂದಿದ್ದು ಹುಡುಗಿ. ಮಧ್ಯದ 'ಯಾರು' ಅವನಿಗೆ ಪ್ರಶ್ನೆಯ 'ಯಾರು' ಆಗಿತ್ತು. ಈ ತರಹದ ವಾಕ್ಯರಚನೆ ವ್ಯಾಕರಣದ ಪಾಠವಾಗಿ ಬರುವುದು ಸಾಮಾನ್ಯವಾಗಿ 9ನೇ ತರಗತಿಗೆ. ಓದುವ ಗದ್ಯಗಳು ಅಲ್ಲಿಯವರೆಗೆ ಕಾಯುವುದಿಲ್ಲ.

ಅಲ್ಲಿಗೆ ಪದದ ಕೊರತೆ ಅನ್ನುವ ತೀರ್ಮಾನ ಬಿದ್ದುಹೋಯಿತು. ಆ ವಾಕ್ಯದಲ್ಲಿ ಅವನಿಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಟೈಮ್ ಸಾಲುವುದಿಲ್ಲ ಅನ್ನುವುದು ಮಾತ್ರ ನಿಜ. ಪ್ರತಿ ಪದಕ್ಕೂ ಪೆನ್ಸಿಲ್ ಆಡಿಸಿದರೆ ಯಾರಿಗೆ ಸಾಲುತ್ತದೆ?

ಏನೇನು ಮಾಡಿದೆವು

ಮೊದಲ ನಿರ್ಧಾರ: ಹೊಸ ಪ್ರಶ್ನೆಪತ್ರಿಕೆ ಬೇಡ. ತಾಯಿಗೆ ಇದನ್ನು ಒಪ್ಪಿಸುವುದು ಕಷ್ಟವಾಯಿತು. ಪೀಚ್ ವಾಕ್ಯವನ್ನು ಅವರ ಮುಂದೆಯೇ ಹುಡುಗನಿಂದ ಚೀನೀ ಭಾಷೆಗೆ ಮಾಡಿಸಿದೆ. ಮಗ ಎಲ್ಲಿ ದಾರಿ ತಪ್ಪುತ್ತಾನೆ ಅಂತ ಅವರಿಗೇ ಕಂಡಿತು. ಆಮೇಲೆ ಅವರು ವಾದ ಮಾಡಲಿಲ್ಲ.

ಎರಡನೆಯದು ಪೆನ್ಸಿಲ್. ಓದುವಾಗ ಪದದ ಮೇಲೆ ಬರೆಯುವ ಹಾಗಿಲ್ಲ. ಬದಲಿಗೆ ಎಡದಿಂದ ಬಲಕ್ಕೆ ಓದುತ್ತಾ, ಉಸಿರು ನಿಲ್ಲುವ ಜಾಗದಲ್ಲಿ ಒಂದು ಓರೆ ಗೆರೆ ಹಾಕಬೇಕು. ಮುದುಕ / ಅವನು ಪೀಚ್ ಮಾರುತ್ತಿದ್ದ / ಸೇತುವೆ ಪಕ್ಕ / ಕೊಟ್ಟ / ಹುಡುಗಿಗೆ / ಪತ್ರ. ಪ್ರತಿ ತುಂಡಿನ ಕೊನೆಯಲ್ಲಿ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇಲ್ಲಿಯವರೆಗೆ ಏನು ಗೊತ್ತಾಯ್ತು? ಹಿಂದಕ್ಕೆ ಹೋಗಿ ವಾಕ್ಯವನ್ನು ತಿರುಗಿಸಿ ಚೀನೀ ಕ್ರಮಕ್ಕೆ ತರುವಂತಿಲ್ಲ. ನಮ್ಮ ಭಾಷೆಯಲ್ಲೂ ನಿಮ್ಮ ಹಾಗೇ ವಿವರ ಮೊದಲು ಬರುತ್ತೆ, ನಾನೂ ಕಲಿಯುವಾಗ ಉಲ್ಟಾ ಮಾಡಿಯೇ ಕಲಿತದ್ದು ಅಂದಾಗ ಹುಡುಗನಿಗೆ ಬಲು ಖುಷಿ. ಅಲ್ಲಿಯವರೆಗೆ ನನಗೆ ಇಂಗ್ಲಿಷ್ ಹುಟ್ಟಿನಿಂದಲೇ ಬಂತು ಅಂದುಕೊಂಡಿದ್ದನಂತೆ.

(ಇನ್ನೊಂದು ಹೋಲಿಕೆಯೂ ಸಿಕ್ಕಿತು. 'ಊಟ ಮಾಡಿಲ್ವಾ?' ಅಂದರೆ ನಾವು 'ಹೂಂ, ಮಾಡಿಲ್ಲ' ಅನ್ನುತ್ತೇವೆ. ಚೀನೀಯರೂ ಹಾಗೇ. ಇಂಗ್ಲಿಷ್‌ನಲ್ಲಿ ಅಲ್ಲಿ 'ನೋ' ಬರಬೇಕು. ಇಬ್ಬರೂ ಒಂದೇ ಕಡೆ ಎಡವುತ್ತೇವೆ.)

ಮೂರನೆಯದು ವ್ಯಾಕರಣ. ಅದನ್ನು ಬಿಡಲಿಲ್ಲ, ಜಾಗ ಬದಲಿಸಿದೆವು. ಓದಿ ಮುಗಿಸಿದ ಗದ್ಯದಿಂದಲೇ ಒಂದೆರಡು ಕ್ರಿಯಾಪದ ಆರಿಸಿ, ಈ ರೂಪ ಬದಲಾದರೆ ಕಥೆ ಏನಾಗುತ್ತೆ ಅಂತ ಕೇಳುವುದು. 'ಹ್ಯಾಡ್ ಲೆಫ್ಟ್' ಬದಲು 'ವಾಸ್ ಲೀವಿಂಗ್' (ಹೊರಡುತ್ತಿತ್ತು) ಇದ್ದರೆ? ಹುಡುಗ ಸ್ವಲ್ಪ ಯೋಚಿಸಿ, 'ಓಡಿದರೆ ಸಿಗಬಹುದು' ಅಂದ. ವ್ಯಾಕರಣದ ದಪ್ಪ ಪುಸ್ತಕದಲ್ಲಿ ಇಂಥ ಪ್ರಶ್ನೆ ಯಾಕೆ ಇರುವುದಿಲ್ಲವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. 'ಅಲ್ದೋ' ಮತ್ತು 'ಬಟ್' ಒಟ್ಟಿಗೆ ಬರಬಾರದು ಅನ್ನುವ ನಿಯಮವೂ ಹಾಗೇ. ಚೀನೀ ಭಾಷೆಯಲ್ಲಿ 'ಆದರೂ' ಮತ್ತು 'ಆದರೆ' ಜೋಡಿಯಾಗಿ ಬರುವುದು ಸಹಜ, ಹಾಗಾಗಿ ಮಕ್ಕಳು ಎರಡನ್ನೂ ಹಾಕುತ್ತಾರೆ. ನಿಯಮ ಬಾಯಿಪಾಠ ಮಾಡುವ ಬದಲು, ಓದಿದ ಪುಟದಲ್ಲಿ 'ಅಲ್ದೋ' ಕಂಡಾಗ ಮುಂದೆ ಕಥೆ ತಿರುಗುತ್ತದೆ ಅಂತ ಮೊದಲೇ ಊಹಿಸುವುದನ್ನು ಅಭ್ಯಾಸ ಮಾಡಿದೆವು.

ನಾಲ್ಕನೆಯದು ಸುಲಭದ ಓದು, ಅದೂ ತುಂಬಾ ಸುಲಭದ್ದು. ಚೀನಾದ 2011ರ ಇಂಗ್ಲಿಷ್ ಪಠ್ಯಕ್ರಮವೇ 9ನೇ ತರಗತಿ ಮುಗಿಯುವ ಹೊತ್ತಿಗೆ 1500ರಿಂದ 1600 ಪದ ಬರಬೇಕು, ಪಠ್ಯದ ಹೊರಗೆ ಒಟ್ಟು 1,50,000 ಪದಗಳಷ್ಟು ಓದಿರಬೇಕು ಅಂತ ಹೇಳಿತ್ತು. ಕೇಳಲು ಬೆಟ್ಟದಂತಿದೆ. ಮೂರು ವರ್ಷಕ್ಕೆ ಹಂಚಿದರೆ ದಿನಕ್ಕೆ 140 ಪದವೂ ಆಗುವುದಿಲ್ಲ, ಅರ್ಧ ಪುಟ. ಶಿಯಾವ್ ಚೆನ್ ಪದಪಟ್ಟಿಯ ಗುರಿಯ ಹಿಂದೆ ಬಿದ್ದಿದ್ದ. ಓದಿನ ಗುರಿಯನ್ನು ಅವನ ಮನೆಯಲ್ಲಿ ಯಾರೂ ಕೇಳಿಯೇ ಇರಲಿಲ್ಲ.

ಎಷ್ಟು ಸುಲಭ ಇರಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಹೂ ಮತ್ತು ಪಾಲ್ ನೇಷನ್ ಅನ್ನುವ ಸಂಶೋಧಕರು 2000ದಲ್ಲಿ ತೋರಿಸಿದ ಹಾಗೆ, ಯಾರ ಸಹಾಯವೂ ಇಲ್ಲದೆ ಓದಿ ಆರಾಮಾಗಿ ಅರ್ಥ ಮಾಡಿಕೊಳ್ಳಲು ಸುಮಾರು 98% ಪದಗಳು ಗೊತ್ತಿರಬೇಕು. ಅಂದರೆ 50 ಪದಕ್ಕೆ ಒಂದು ಹೊಸ ಪದ. ಪರೀಕ್ಷೆಯ ಗದ್ಯದಲ್ಲಿ ಅವನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತಿದ್ದವು. ಹಾಗಾಗಿ ಅವನ ಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗಿನ ಪುಸ್ತಕ ತಂದೆ.

ಹುಡುಗ ಮುಟ್ಟಲಿಲ್ಲ. 'ಇದು ಚಿಕ್ಕ ಮಕ್ಕಳದ್ದು' ಅಂದ. ಮುಖಪುಟದಲ್ಲಿ ಕರಡಿಮರಿ ಇದ್ದದ್ದು ನಿಜವೇ. 14 ವರ್ಷದ ಹುಡುಗನಿಗೆ ಅದನ್ನು ಶಾಲೆಯ ಬಸ್ಸಿನಲ್ಲಿ ತೆಗೆದು ಓದು ಅಂದರೆ ಆಗುತ್ತದಾ? ಭಾಷೆ ಸುಲಭ ಇರಬೇಕು, ವಿಷಯ ಅವನ ವಯಸ್ಸಿನದಾಗಿರಬೇಕು. ಕೊನೆಗೆ ದಾರಿ ಎರಡು ಕಡೆಯಿಂದ ಸಿಕ್ಕಿತು. ಒಂದು, ಚೀನೀ ಭಾಷೆಯಲ್ಲಿ ಅವನಿಗೆ ಮೊದಲೇ ಗೊತ್ತಿದ್ದ ಕೋತಿರಾಜನ ಕಥೆಯ ಸುಲಭ ಇಂಗ್ಲಿಷ್ ರೂಪ. ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದರೆ ಗಮನ ವಾಕ್ಯದ ಮೇಲೆ ಇರುತ್ತದೆ. ಇನ್ನೊಂದು ಬ್ಯಾಸ್ಕೆಟ್‌ಬಾಲ್. ಆಟದ ವರದಿಗಳನ್ನು ನಾನೇ ಸುಲಭದ ಇಂಗ್ಲಿಷ್‌ನಲ್ಲಿ ಒಂದೊಂದು ಪುಟ ಬರೆದುಕೊಡತೊಡಗಿದೆ. ಬರೆಯುವುದು ನಿಜಕ್ಕೂ ತಲೆನೋವು. ಆಟ ನನಗೆ ಗೊತ್ತಿಲ್ಲ, ಹುಡುಗ ಭಾಷೆ ಬಿಟ್ಟು ನನ್ನ ಆಟದ ತಪ್ಪುಗಳನ್ನೇ ಹುಡುಕುತ್ತಿದ್ದ. ಹುಡುಕಲಿ ಅಂತ ಬಿಟ್ಟೆ. ತಪ್ಪು ಹುಡುಕಬೇಕಾದರೆ ಅರ್ಥ ಆಗಿರಬೇಕಲ್ವಾ?

ಹಿನ್ನಡೆ

ಸುಮಾರು ಒಂದೂವರೆ ತಿಂಗಳಿಗೆ ಶಾಲೆಯ ತಿಂಗಳ ಪರೀಕ್ಷೆ ಬಂತು. ಓದಿನ ಭಾಗದಲ್ಲಿ ಅಷ್ಟೇನೂ ಬದಲಾವಣೆ ಇಲ್ಲ. ವ್ಯಾಕರಣದ ಪ್ರಶ್ನೆಗಳಲ್ಲಿ ಮಾತ್ರ ಮೊದಲಿಗಿಂತ ಜಾಸ್ತಿ ತಪ್ಪು. ಒಟ್ಟು ಅಂಕ ಇಳಿಯಿತು. ತರಗತಿಯ ಪೋಷಕರ ವೀಚಾಟ್ (ನಮ್ಮ ವಾಟ್ಸ್‌ಆ್ಯಪ್ ಇದ್ದ ಹಾಗೆ) ಗುಂಪಿನಲ್ಲಿ ಬೇರೆ ಮಕ್ಕಳ ಸುದ್ದಿ ಓಡಾಡುತ್ತಿತ್ತು. ತಾಯಿ ನಮ್ಮ ಮನೆಗೆ ಬಂದು ಬಹಳ ಹೊತ್ತು ಬೇರೆ ಏನೇನೋ ಮಾತಾಡಿದರು. ಎದ್ದು ಹೊರಡುವಾಗ, 'ಮತ್ತೆ ಹಳೇ ಪತ್ರಿಕೆ ಶುರು ಮಾಡೋಣವಾ?' ಅಂದರು.

ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ತಿರುವು ಇದೇ ಅಂತ ನನ್ನ ಅನಿಸಿಕೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಓದಿನ ಅಭ್ಯಾಸ ನಿಧಾನಕ್ಕೆ ಫಲ ಕೊಡುತ್ತದೆ, ಬಿಟ್ಟ ಜಾಗ ತುಂಬುವ ಅಭ್ಯಾಸ ನಿಲ್ಲಿಸಿದರೆ ಅದರ ಚುರುಕು ಬೇಗ ಹೋಗುತ್ತದೆ. ನಡುವಿನ ಆ ತಗ್ಗಿನಲ್ಲೇ ಪರೀಕ್ಷೆ ಬಂದು ಕೂತಿತು.

ಉತ್ತರ ಕಾಗದವನ್ನು ಮೂವರೂ ಕೂತು ನೋಡಿದೆವು. ಓದಿನ ಭಾಗದ ಅಂಕ ಬದಲಾಗಿರಲಿಲ್ಲ, ಆದರೆ ತಪ್ಪುಗಳು ಬೇರೆಯಾಗಿದ್ದವು. ಯಾರು, ಎಲ್ಲಿ, ಯಾವಾಗ ಅನ್ನುವ ಪ್ರಶ್ನೆಗಳು ಬಹುತೇಕ ಸರಿ. ಮೊದಲು ತಪ್ಪುತ್ತಿದ್ದದ್ದೇ ಅಲ್ಲಿ. ಕೊನೆಯ ಗದ್ಯವನ್ನು ಮಾತ್ರ ಅವನು ಮುಟ್ಟಿಯೇ ಇರಲಿಲ್ಲ, ಸುಮ್ನೆ ಎಲ್ಲದಕ್ಕೂ 'ಸಿ' ಹಾಕಿದ್ದ. ಓರೆ ಗೆರೆ ಹಾಕುತ್ತಾ ಓದುವುದು ಇನ್ನೂ ನಿಧಾನವಾಗಿತ್ತು. ಹಾಗಾದರೆ ಬೇಕಿದ್ದದ್ದು ವೇಗ.

ಅಲ್ಲಿ ಒಪ್ಪಂದ ಆಯಿತು. ವ್ಯಾಕರಣದ ಅಭ್ಯಾಸ ಮತ್ತೆ ಬರಲಿ, ಆದರೆ ದಪ್ಪ ಪುಸ್ತಕದಿಂದ ಬೇಡ, ಅವನ ತಪ್ಪುಗಳ ನೋಟ್‌ಬುಕ್ಕಿನಿಂದ ಮಾತ್ರ. ಪ್ರತಿ ತಪ್ಪಿನ ಕೆಳಗೆ ನಿಯಮದ ಜೊತೆಗೆ, ಈ ವಾಕ್ಯ ಏನು ಹೇಳುತ್ತಿದೆ ಅಂತ ಒಂದು ಸಾಲು ಬರೆಯಬೇಕು. ಓರೆ ಗೆರೆ ಕಷ್ಟದ ಗದ್ಯಕ್ಕೆ ಮಾತ್ರ. ಸುಲಭದ ಪುಟಗಳನ್ನು ಕೈಯಲ್ಲಿ ಏನೂ ಹಿಡಿಯದೆ ಓದಬೇಕು, ನಿಂತು ಯೋಚಿಸುವ ಹಾಗಿಲ್ಲ. ಮೊದಲು ಓದಿದ್ದ ಪುಟವನ್ನೇ ಮರುದಿನ ಮತ್ತೆ ಓದಿಸಿ ಗಡಿಯಾರ ನೋಡುತ್ತಿದ್ದೆವು. ತಾಯಿಯ ಭಾಗವೂ ಬಂತು: ಇಂಗ್ಲಿಷ್ ಬರದಿದ್ದರೂ ರಾತ್ರಿ ಊಟದ ಹೊತ್ತಿಗೆ ಮಗ ಓದಿದ ಕಥೆಯನ್ನು ಚೀನೀ ಭಾಷೆಯಲ್ಲಿ ಕೇಳುವುದು. ಕಥೆ ಸರಿ ಹೊಂದದೆ ಹೋದರೆ ಅವರಿಗೇ ಗೊತ್ತಾಗುತ್ತಿತ್ತು. ಇದು ನಾನು ಹೇಳಿದ್ದಲ್ಲ, ಅವರದ್ದೇ ಯೋಚನೆ. ನಾವು ಮಾಡಿದ್ದರಲ್ಲೆಲ್ಲ ಇದೇ ಹೆಚ್ಚು ಬಾಳಿಕೆ ಬಂತು.

ಏನಾಯಿತು

8ನೇ ತರಗತಿಯ ವಾರ್ಷಿಕ ಪರೀಕ್ಷೆಯಲ್ಲಿ ಓದಿನ ಭಾಗದ 15 ಪ್ರಶ್ನೆಗಳಲ್ಲಿ 12 ಸರಿ ಬಂದವು. ಮೊದಲು 7 ಅಥವಾ 8 ಬರುತ್ತಿದ್ದವು. ಕಥೆಯಲ್ಲಿ ಬಿಟ್ಟ ಪದ ತುಂಬುವ ಭಾಗವೂ ಸುಧಾರಿಸಿತು. ವ್ಯಾಕರಣ ಮೊದಲಿನ ಮಟ್ಟಕ್ಕೆ ವಾಪಸ್ ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಪೆನ್ಸಿಲ್ ಪದಗಳು ಹಾಳೆಯಿಂದ ಮಾಯವಾದವು.

ಆಗದೇ ಇದ್ದದ್ದೂ ಇದೆ. ಬರವಣಿಗೆ ಹೆಚ್ಚುಕಡಿಮೆ ಇದ್ದಲ್ಲೇ ಇದೆ. 'ಹೀ ಗೋ', 'ಶಿ ಲೈಕ್' ಇನ್ನೂ ಬೀಳುತ್ತವೆ. 'ಗೋಸ್', 'ಲೈಕ್ಸ್' ಆಗಬೇಕಾದಲ್ಲಿ ಬಿಟ್ಟುಹೋಗುವ ಕೊನೆಯ ಆ 'ಎಸ್' ಇಂಗ್ಲಿಷ್ ಮಾತಾಡುವ ಮನೆಯ ಮಕ್ಕಳಿಗೂ ತಡವಾಗಿ ಬರುವ ಸಂಗತಿ, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮಾತಾಡುವಾಗ ಅಮ್ಮನನ್ನು 'ಹೀ' ಅನ್ನುತ್ತಾನೆ. ಚೀನೀ ಮಾತಿನಲ್ಲಿ ಅವನು, ಅವಳು ಎರಡಕ್ಕೂ 'ಥಾ' ಅನ್ನುವ ಒಂದೇ ಉಚ್ಚಾರ, ಬರೆಯುವಾಗ ಮಾತ್ರ ಬೇರೆ ಅಕ್ಷರ. ಗದ್ಯಕ್ಕೆ ತಕ್ಕ ತಲೆಬರಹ ಆರಿಸುವ ಪ್ರಶ್ನೆ, ಲೇಖಕರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವ ಪ್ರಶ್ನೆ, ಇವುಗಳಲ್ಲಿ ಈಗಲೂ ಎಡವುತ್ತಾನೆ. ಅದು ವಾಕ್ಯ ಬಿಡಿಸುವುದರಿಂದ ಬರುವಂಥದ್ದಲ್ಲ. ಜಾಸ್ತಿ ಓದಬೇಕು, ಓದಿದ್ದರ ಬಗ್ಗೆ ಯಾರ ಜೊತೆಯಾದರೂ ಜಗಳ ಆಡಬೇಕು.

9ನೇ ತರಗತಿ ಶುರುವಾದ ಮೇಲೆ ಪ್ರಶ್ನೆಪತ್ರಿಕೆಗಳ ಮಳೆ. ಸುಲಭದ ಓದು ದಿನದ ಬದಲು ಭಾನುವಾರಕ್ಕೆ ಸರಿಯಿತು. ಊಟದ ಹೊತ್ತಿನ ಕಥೆ ಮಾತ್ರ ನಿಂತಿಲ್ಲ. ಜೋಂಗ್‌ಕಾವ್ ಇನ್ನೂ ಮುಂದಿದೆ.

ಬೇರೆಯವರಿಗೆ ಇದರಿಂದ ಏನು ಸಿಗಬಹುದು ಅಂದರೆ, ನನ್ನ ಮಟ್ಟಿಗೆ ಒಂದು ಪರೀಕ್ಷಾ ವಿಧಾನ: ಮಗು ಸರಿ ಬರೆದ ವ್ಯಾಕರಣದ ಉತ್ತರವನ್ನೇ ಹಿಡಿದು ಅದರ ಅರ್ಥ ಕೇಳುವುದು. ತಪ್ಪು ಉತ್ತರಗಳಲ್ಲಿ ಸಿಗದ ಸುಳಿವು ಅಲ್ಲಿ ಸಿಗುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುವವರೂ ಪೀಚ್ ಮಾರುವ ಮುದುಕನ ವಾಕ್ಯವನ್ನು ಒಮ್ಮೆ ಕೊಟ್ಟು ನೋಡಬಹುದು. ನಮ್ಮ ಮಕ್ಕಳು ಕಾಲದಲ್ಲಿ ಎಡವದಿದ್ದರೂ ಇಲ್ಲಿ ಎಡವುತ್ತಾರೆ. ಆದರೆ ಓರೆ ಗೆರೆ, ಸುಲಭದ ಓದು, ಊಟದ ಹೊತ್ತಿನ ಕಥೆ, ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಒಬ್ಬ ಹುಡುಗನ ಕಥೆ ಸಾಲದು.

ಮೊನ್ನೆ ಅದೇ ಅಪಾರ್ಟ್‌ಮೆಂಟಿನ ಇನ್ನೊಬ್ಬ ತಾಯಿ 7ನೇ ತರಗತಿಯ ಮಗಳನ್ನು ಕರೆದುಕೊಂಡು ಬಂದಿದ್ದರು. ನಮಗೂ ಅದೇ ಓರೆ ಗೆರೆ ಹೇಳಿಕೊಡಿ ಅಂದರು. ಹುಡುಗಿಯ ಹಾಳೆ ನೋಡಿದೆ, ಪೆನ್ಸಿಲ್ ಗುರುತೇ ಇಲ್ಲ. ಗಟ್ಟಿಯಾಗಿ ಓದಿಸಿದೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ತೆಗೆದುಕೊಂಡು ಚೆನ್ನಾಗಿಯೇ ಓದಿದಳು. ಅವಳಿಗೆ ನಿಜವಾಗಿಯೂ ಪದಗಳೇ ಗೊತ್ತಿಲ್ಲ. ಓರೆ ಗೆರೆ ಬೇಡ ಅಂತ ಹೇಳಿ, ಪದಗಳಿಂದಲೇ ಶುರು ಮಾಡಿದ್ದೇವೆ.